ಕಪ್ಪತಗುಡ್ಡದ ಹಕ್ಕಿನ ವಿಷಯವಾಗಿ ಗದಗ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೆ,

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ ಏಳಲಿದೆಯೆಂದಾಗ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಹಿರಿತನದಲ್ಲಿ ರೈತಾಪಿ ಜನ ಬೀದಿಗಿಳಿದು ಅದನ್ನು ಹಿಮ್ಮೆಟ್ಟಿಸಿದುದು ತಮಗೆ ವಿದಿತವೇ ಇದೆ. ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟ ಸಂರಕ್ಷಿತ ಮೀಸಲು ಪ್ರದೇಶದ ಮನ್ನಣೆಯನ್ನು ಮರುವರ್ಷವೇ ಹಿಂತೆಗೆದುಕೊಂಡ ಸರ್ಕಾರವು 2017ರಲ್ಲಿ ಅದನ್ನು ಮರಳಿ ಕೊಟ್ಟುದೂ ಅಂಥದೇ ಜನಾಗ್ರಹದ ಫಲ. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಗುಡ್ಡ ವನ್ಯಜೀವಿಧಾಮವಾಯಿತು. ಗುಡ್ಡದಲ್ಲಿ ಚಿನ್ನದ ಗಣಿ ತೆರೆಯುವ ಭೀತಿ ತಗ್ಗಿತೆಂದು ನಾವೆಲ್ಲ ಹಿಗ್ಗಿದೆವು. ಆದರೆ ಗುಡ್ಡದ ಮಗ್ಗುಲಲ್ಲಿ ಬದುಕುವ ಲಂಬಾಣಿ ತಾಂಡಾಗಳಿಗೆ ಇದರಿಂದ ದೊರೆತುದೇನೆಂದು ಕೇಳಿದವರು ವಿರಳ.

ಮಳೆಗಾಲ ಮುಗಿಯುವ ಹೊತ್ತಿಗೆ ಗದಗ-ಬೆಟಗೇರಿಯ ರಸ್ತೆಬದಿಯಲ್ಲಿ ಸೀತಾಫಲದ ಕಾಯಿಗಳನ್ನು ಬುಟ್ಟಿಯಲ್ಲಿ ಒಟ್ಟಿಕೊಂಡು ಕುಳಿತ ಲಂಬಾಣಿ ಹೆಂಗಸರನ್ನು ತಾವು ಕಂಡಿರಬಹುದು. ನಸುಕಿನಲ್ಲಿ ಗುಡ್ಡ ಹತ್ತಿ, ಮುಳ್ಳುಕಂಟಿಯಲ್ಲಿ ಕೈ ತರಚಿಸಿಕೊಂಡು ಕಿತ್ತು, ತಲೆಯ ಮೇಲೆ ಹೊತ್ತು ತಂದ ಆ ಕಾಯಿಗೆ ಬೆಲೆ ಕಟ್ಟುವವನು ದಲ್ಲಾಳಿ. ಕಿತ್ತುದು ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಅರಣ್ಯದ ಗಾರ್ಡು. ತಾಂಡಾದ ಮುಖ್ಯಸ್ಥರಾದ ನಾಯಕ, ಕಾರಭಾರಿಗಳ ನ್ಯಾಯಪಂಚಾಯ್ತಿಯಿಂದ ತನ್ನನ್ನು ತಾನೇ ಆಳಿಕೊಂಡು ಬಂದ ಸಮುದಾಯಕ್ಕೆ ಇದಕ್ಕಿಂತ ದೊಡ್ಡ ಅವಮಾನವುಂಟೆ?

ಇದಕ್ಕೆ ಕಾನೂನಿನಲ್ಲೇ ಪರಿಹಾರವಿದೆ. ಅರಣ್ಯವಾಸಿಗಳ ಹಕ್ಕನ್ನು ಮನ್ನಿಸುವ 2006ರ ಅರಣ್ಯ ಹಕ್ಕು ಕಾಯ್ದೆಯು ವನ್ಯಜೀವಿಧಾಮಗಳಿಗೂ ಅನ್ವಯಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿಯೇ, ಅದೂ ಹುಲಿ ಸಂರಕ್ಷಿತ ಪ್ರದೇಶದಲ್ಲಿ, ಸಮುದಾಯದ ಹಕ್ಕುಪತ್ರ ಪಡೆದರು. ಇದೇ ಕಾಯ್ದೆಯ ಬಲದಿಂದ ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟು ಬಾಕ್ಸೈಟ್ ಗಣಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಲು, 2013ರಲ್ಲಿ 12 ಸಭೆಗಳೂ ಒಕ್ಕೊರಲಿನಿಂದ ಬೇಡವೆಂದವು. ಸೋಲಿಗರು ಪರಿಶಿಷ್ಟ ಪಂಗಡದವರಾದುದರಿಂದ ಅವರಿಗೆ ತಲೆಮಾರುಗಳ ವಾಸದ ಪುರಾವೆ ಬೇಕಾಗಲಿಲ್ಲ. ನಮ್ಮ ಲಂಬಾಣಿಗರಾದರೋ ಈ ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಸೇರಿದವರಾದುದರಿಂದ ಮೂರು ತಲೆಮಾರಿನ, ಎಂದರೆ 75 ವರ್ಷಗಳ, ವಾಸಕ್ಕೆ ಪುರಾವೆ ಒದಗಿಸಬೇಕಾಗುತ್ತದೆ. ಅಕ್ಷರವೇ ಕಾಣದಿದ್ದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗ ಎಲ್ಲಿಂದ ತಂದಾನು? ಆದರೆ ಕಾಯ್ದೆಯ ನಿಯಮಗಳೇ, ಹಿರಿಯರು ನುಡಿದುದನ್ನು ಬರೆದುಕೊಂಡು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಹೇಳುತ್ತವೆ. ಆ ಹಿರಿಯರು ಈಗ ಎಂಬತ್ತರ ಗಡಿ ದಾಟಿದವರು.

ಹಕ್ಕುಗಳನ್ನು ಅಂತಿಮವಾಗಿ ನಿರ್ಣಯಿಸುವ ಜಿಲ್ಲಾಮಟ್ಟದ ಸಮಿತಿಗೆ ತಾವೇ ಅಧ್ಯಕ್ಷರು. ಡೋಣಿ, ಅತ್ತಿಕಟ್ಟಿಯ ಕಡೆಯ ತಾಂಡಾಗಳಲ್ಲಿ ಮೊದಲುಗೊಂಡು ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಗುಡ್ಡದಂಚಿನ ಊರೂರಲ್ಲಿ ಗ್ರಾಮಸಭೆ ಕರೆಯಿಸಿ, ಹಿರಿಯರ ಹೇಳಿಕೆಗಳನ್ನು ತಡಮಾಡದೆ ಬರೆಯಿಸಿಕೊಳ್ಳಬೇಕೆಂದೂ, ಸೀತಾಫಲವೇ ಮೊದಲಾದ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನವನ್ನು ಆ ಸಭೆಗಳಿಗೆ ಒಪ್ಪಿಸಬೇಕೆಂದೂ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲಕ್ಷ್ಮೇಶ್ವರದ ಒಬ್ಬ ನಾಗರಿಕ