ತಾಟಿನ ಕಬ್ಬಿಣ ರಕ್ತಕ್ಕೆ ಸೇರುವ ಬಗೆ

ಶ್ರೀಮಠದ ದಾಸೋಹದಲ್ಲಿ ಸೇವೆಗೆ ನಿಲ್ಲುವ ತಾಯಂದಿರನ್ನು ನಾವು ಬಹುವರ್ಷಗಳಿಂದ ನೋಡುತ್ತ ಬಂದಿದ್ದೇವೆ. ನಸುಕಿನಲ್ಲಿಯೇ ಬಂದು ರೊಟ್ಟಿ ಬಡಿಯುವವರು, ಸೊಪ್ಪು ಸೋಸುವವರು, ಪಂಕ್ತಿಯಿಂದ ಪಂಕ್ತಿಗೆ ಬಡಿಸುತ್ತ ಓಡಾಡುವವರು ಅವರೇ. ನಡುವೆ ಯಾರೋ ಒಬ್ಬರು ಕಂಬಕ್ಕೆ ಒರಗಿ ಕುಳಿತುಬಿಡುತ್ತಾರೆ. ಏನಾಯಿತೆಂದು ಕೇಳಿದರೆ, "ಏನಿಲ್ಲರಿ, ಕಣ್ಣಿಗೆ ಕತ್ತಲಿ ಬಂದಂಗಾತು" ಎಂದು ನಕ್ಕು ಮತ್ತೆ ಏಳುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಸಂಜೆಯಾಗುತ್ತಲೇ ಮೈ ಸೋಲುವುದು ಇವನ್ನೆಲ್ಲ ವಯಸ್ಸಿನ ಮತ್ತು ದಣಿವಿನ ಲೆಕ್ಕಕ್ಕೆ ಬರೆದು ನಾವು ಸುಮ್ಮನಾಗುತ್ತೇವೆ. ಇದರ ಹಿಂದೆ ಎಷ್ಟೋ ಸಲ ರಕ್ತಹೀನತೆಯಿರುತ್ತದೆ ಎಂಬುದನ್ನು ಮರೆಯುತ್ತೇವೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಪುರುಷರಲ್ಲಿ ಈ ಸಂಖ್ಯೆ 25. ಕರ್ನಾಟಕದ ಸ್ಥಿತಿ ಅಷ್ಟು ಕೆಟ್ಟದ್ದಲ್ಲವೆಂದು ಸಮಾಧಾನಪಡುವಂತಿಲ್ಲ. ಇಲ್ಲಿಯೂ ಹೆಚ್ಚುಕಡಿಮೆ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ಈ ತೊಂದರೆಯಿದೆ. ಗರ್ಭಿಣಿಯಲ್ಲದ ಮಹಿಳೆಯ ಒಂದು ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ, ಗರ್ಭಿಣಿಗೆ 11ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಕಬ್ಬಿಣಾಂಶದ ಕೊರತೆ.

ಇಲ್ಲಿ ಒಂದು ಒಗಟಿದೆ. ನಮ್ಮದು ಬಿಳಿ ಅನ್ನವನ್ನೇ ನೆಚ್ಚಿದ ಊಟವಲ್ಲ. ಜೋಳದ ರೊಟ್ಟಿ, ಮೆಂತ್ಯ, ರಾಜಗಿರಿ, ಪುಂಡಿಪಲ್ಯ, ಮಡಕೆಕಾಳು, ಗುರೆಳ್ಳು ಹಿಂಡಿ ಇರುವ ಊಟ. ಇವೆಲ್ಲವುಗಳಲ್ಲಿ ಕಬ್ಬಿಣಾಂಶವಿದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕೂ ಹೆಚ್ಚು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಹೀಗಿದ್ದೂ ನಮ್ಮ ಮನೆಯ ಹೆಣ್ಣುಮಕ್ಕಳ ರಕ್ತದಲ್ಲಿ ಕಬ್ಬಿಣವಿಲ್ಲವೇಕೆ?

ತಾಟಿನಲ್ಲಿರುವುದೆಲ್ಲ ರಕ್ತಕ್ಕೆ ಸೇರುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಧಾನ್ಯ, ಬೇಳೆ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಾಳುಗಳ ಸಿಪ್ಪೆಯ ಬಳಿಯಿರುವ ಫೈಟೇಟ್ ಎಂಬ ಅಂಶ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಹೀಗಾಗಿ ಸಸ್ಯಾಹಾರದ ಊಟದಲ್ಲಿ ನೂರು ಪಾಲು ಕಬ್ಬಿಣವಿದ್ದರೆ ದೇಹಕ್ಕೆ ದಕ್ಕುವುದು ಸಾಮಾನ್ಯವಾಗಿ ಐದರಿಂದ ಹತ್ತು ಪಾಲು ಮಾತ್ರ. ಈ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ, ಮಹಿಳೆಗೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಹೇಳಿತು. ತಿಂಗಳುತಿಂಗಳು ರಕ್ತ ಕಳೆದುಕೊಳ್ಳುವ ದೇಹಕ್ಕೆ ಗಂಡಸಿಗಿಂತ ಒಂದೂವರೆ ಪಟ್ಟು ಹೆಚ್ಚು ಬೇಕು. ದಿನವೊಂದಕ್ಕೆ ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿ ಉಂಡರೂ 10 ಮಿಲಿಗ್ರಾಂ ಮಾತ್ರ ಸಿಕ್ಕೀತು. ಉಳಿದದ್ದು ಪಲ್ಯ, ಕಾಳು ಮತ್ತು ಹಿಂಡಿಗಳಿಂದ ಬರಬೇಕು.

ಆದ್ದರಿಂದ ಏನು ಉಣ್ಣುತ್ತೇವೆ ಎಂಬುದರಷ್ಟೇ ಯಾವುದರ ಜೊತೆಗೆ ಉಣ್ಣುತ್ತೇವೆ ಎಂಬುದೂ ಮುಖ್ಯ. ಸಿ ಜೀವಸತ್ವವು ಸಸ್ಯದ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ಅನುಕೂಲವಾದ ರೂಪಕ್ಕೆ ತರುತ್ತದೆ. ಊಟದ ಜೊತೆಗೇ ನಿಂಬೆಹಣ್ಣಿನ ಒಂದು ಹೋಳು, ಹಸಿ ಪಚಡಿ, ನೆಲ್ಲಿಕಾಯಿ ಅಥವಾ ಊಟವಾದೊಡನೆ ಒಂದು ಪೇರಲಹಣ್ಣು ಇದ್ದರೆ ಅದೇ ರೊಟ್ಟಿ, ಅದೇ ಪಲ್ಯದಿಂದ ದೇಹಕ್ಕೆ ಹೆಚ್ಚಿನ ಕಬ್ಬಿಣ ಸಿಗುತ್ತದೆ. ಪೇರಲದಲ್ಲಿ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು ಸಿ ಜೀವಸತ್ವವಿದೆಯೆಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಗ್ಗದ ಹಣ್ಣಾದ್ದರಿಂದ ಅದಕ್ಕೆ ಮರ್ಯಾದೆ ಕಡಿಮೆ. ಆದರೆ ಈ ಜೀವಸತ್ವ ಬೆಂಕಿಗೆ ಅಂಜುತ್ತದೆ. ಕುದಿಯುವ ಸಾರಿಗೆ ಹಿಂಡಿದ ನಿಂಬೆಗಿಂತ ತಾಟಿಗೆ ಬಂದ ಮೇಲೆ ಹಿಂಡಿದ ನಿಂಬೆಯೇ ಲೇಸು. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ, ಹಿಟ್ಟನ್ನು ಹುಳಿ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಸೇರಿದ ಅಡಿಗೆ ಮಾಡಿದರೆ ಪಾತ್ರೆಯ ಕಬ್ಬಿಣವೇ ಅಷ್ಟಿಷ್ಟು ಊಟಕ್ಕೆ ಇಳಿಯುತ್ತದೆ. ನಾವು ಹಗುರವೆಂದು ಅಲ್ಯೂಮಿನಿಯಂ ಪಾತ್ರೆ ತಂದು, ಅಜ್ಜಿಯ ಬಾಣಲೆಯನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟೆವು.

ಎಳ್ಳು ಅಮಾವಾಸ್ಯೆಯ ಚರಗದ ಬುತ್ತಿಯನ್ನು ಒಮ್ಮೆ ನೆನೆಯಿರಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಲವು ಕಾಳು ಹಲವು ಸೊಪ್ಪು ಕೂಡಿಸಿ ಹುಣಸೆಹುಳಿ ಬೆರೆಸಿದ ಭಜ್ಜಿ, ಪುಂಡಿಪಲ್ಯ, ಹೊಲದಲ್ಲಿಯೇ ಕಿತ್ತ ಹಸಿ ಕಡಲೆ, ಗಜ್ಜರಿ. ಇದನ್ನು ಕಟ್ಟಿದವರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಆದರೂ ಧಾನ್ಯ, ಕಾಳು, ಸೊಪ್ಪು, ಹುಳಿ ಮತ್ತು ಹಸಿ ತರಕಾರಿ ಒಂದೇ ಬುತ್ತಿಯಲ್ಲಿ ಕೂಡಿವೆ. ಹಾಗೆಂದು ಹಿಂದಿನವರೆಲ್ಲ ಗಟ್ಟಿಮುಟ್ಟಾಗಿದ್ದರೆಂದು ನಾವು ಹೇಳಲಾರೆವು. ಹೆರಿಗೆಯಲ್ಲಿ ತೀರಿಕೊಂಡ ತಾಯಂದಿರ ನೆನಪು ಇಲ್ಲದ ಮನೆತನ ನಮ್ಮ ಭಾಗದಲ್ಲಿ ಅಪರೂಪ.

ಅವರಿಗಿಲ್ಲದ ಒಂದು ತೊಡಕು ನಮಗೆ ಬಂದಿದೆ. ಅದು ಚಹಾ. ಚಹಾದಲ್ಲಿರುವ ಒಗರಿನ ಅಂಶವು ಸಸ್ಯದ ಕಬ್ಬಿಣವನ್ನು ಕರುಳಿಗೆ ಸಿಗದಂತೆ ಕಟ್ಟಿಹಾಕುತ್ತದೆ. ಊಟದ ಜೊತೆಗೆ ಚಹಾ ಕುಡಿದಾಗ ಹೀರಿಕೊಳ್ಳುವ ಕಬ್ಬಿಣ ಅರ್ಧಕ್ಕಿಂತಲೂ ಕೆಳಗೆ ಇಳಿಯಬಲ್ಲದೆಂದು ಪರೀಕ್ಷೆಗಳಲ್ಲಿ ಕಂಡಿದೆ. ಕಾಫಿಯೂ ಈ ವಿಷಯದಲ್ಲಿ ಸಾಧುವಲ್ಲ. ಬೆಳಗಿನ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಹೊಲಕ್ಕೆ ಹೋಗುವ ತಾಯಿ ಆ ರೊಟ್ಟಿಯ ಕಬ್ಬಿಣದ ಬಹುಪಾಲನ್ನು ಕಳೆದುಕೊಂಡೇ ಹೋಗುತ್ತಾಳೆ. ಚಹಾ ಬಿಡಿರೆಂದು ನಾವು ಹೇಳುವುದಿಲ್ಲ, ಹೇಳಿದರೆ ಯಾರೂ ಕೇಳುವುದಿಲ್ಲ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರವಿರಲಿ ಎಂದಷ್ಟೇ ನಮ್ಮ ಕೋರಿಕೆ.

ಇನ್ನೊಂದು ಮಾತನ್ನು ಹೇಳದೆ ಈ ವಿಷಯ ಪೂರ್ಣವಾಗದು. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಗಂಡಸರು, ಮಕ್ಕಳು, ಬಂದ ಅತಿಥಿಗಳು ಎದ್ದ ಮೇಲೆ ಆಕೆ ತಾಟು ಹಾಕಿಕೊಳ್ಳುವ ಹೊತ್ತಿಗೆ ಪಲ್ಯದ ಬೋಗುಣಿ ಬರಿದಾಗಿರುತ್ತದೆ, ಪಚಡಿ ತೀರಿರುತ್ತದೆ. ಉಳಿದಿರುವುದು ರೊಟ್ಟಿ ಮತ್ತು ತಿಳಿಸಾರು. ಅದರ ಮೇಲೆ ದಣಿವು ಕಳೆಯಲು ಒಂದು ಕಪ್ಪು ಚಹಾ. ಒಂದೂವರೆ ಪಟ್ಟು ಬೇಕಾದವಳಿಗೆ ಅರ್ಧ ಪಾಲು ಸಿಗುವುದು ಹೀಗೆ. ಆಕೆ ಬೇಡವೆಂದರೂ ಪಲ್ಯದಲ್ಲಿ ಆಕೆಯ ಪಾಲನ್ನು ಮೊದಲೇ ತೆಗೆದಿಡುವುದು ಮನೆಯ ಹಿರಿಯರ ಹೊಣೆ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರೆ ಅದಕ್ಕಿಂತ ಒಳ್ಳೆಯದು. ಸಮಪಂಕ್ತಿಯ ಮಾತನ್ನು ಇಷ್ಟು ಹೆಮ್ಮೆಯಿಂದ ಆಡುವ ನಾವು ಅದನ್ನು ನಮ್ಮ ಅಡಿಗೆಮನೆಗೆ ಇನ್ನೂ ತಂದಿಲ್ಲ.

ಬೀಟ್‌ರೂಟ್ ಕೆಂಪಗಿದೆಯೆಂದು ರಕ್ತ ಹೆಚ್ಚಿಸುವುದಿಲ್ಲ. ಅದು ಬಣ್ಣ ಮಾತ್ರ. ಅದರಲ್ಲಿ ಕಬ್ಬಿಣ ಕಡಿಮೆ. ಬೆಲ್ಲವನ್ನು ನೆಚ್ಚಿ ಕೂರುವುದೂ ಸರಿಯಲ್ಲ, ಸಕ್ಕರೆ ಕಾಯಿಲೆಯವರಂತೂ ಆ ದಾರಿ ಹಿಡಿಯಲೇಬಾರದು. ಡಬ್ಬಿಯಲ್ಲಿ ಬರುವ ನುಗ್ಗೆಸೊಪ್ಪಿನ ಪುಡಿಗೆ ನೂರಾರು ರೂಪಾಯಿ ಕೊಡುವವರ ಹಿತ್ತಲಲ್ಲೇ ನುಗ್ಗೆಯ ಗಿಡವಿರುವುದನ್ನು ನಾವು ಕಂಡಿದ್ದೇವೆ.

ರಕ್ತ ಬಹಳ ಇಳಿದವರಿಗೆ ಊಟವೊಂದೇ ಸಾಲದು, ಗುಳಿಗೆ ಬೇಕೇ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯನ್ನೂ, ಗರ್ಭಿಣಿಯರಿಗೆ ಕೊಡುವ ಕೆಂಪು ಗುಳಿಗೆಯನ್ನೂ "ಉಷ್ಣ ಆಗ್ತದ" ಎಂದು ಕಿಟಕಿಯಾಚೆ ಎಸೆಯುವವರಿದ್ದಾರೆ. ಮಲ ಕಪ್ಪಗಾಗುವುದು ಕಬ್ಬಿಣದ ಸಹಜ ಪರಿಣಾಮ, ಅದಕ್ಕೆ ಅಂಜಬೇಕಾಗಿಲ್ಲ. ವಾಕರಿಕೆಯಾದರೆ ಊಟವಾದ ಮೇಲೆ ನುಂಗಬಹುದು. ಹಾಲಿನ ಜೊತೆ, ಚಹಾದ ಜೊತೆ ಮಾತ್ರ ಬೇಡ. ನಿಂಬೆಯ ನೀರಿನೊಡನೆ ಆಗಲಿ. ಬರಿಗಾಲಿನಲ್ಲಿ ಹೊಲದಲ್ಲಿ ದುಡಿಯುವವರಿಗೆ ಕೊಕ್ಕೆಹುಳುವಿನ ಬಾಧೆಯೂ ಇರಬಹುದು. ಅದು ಕರುಳಿನಲ್ಲಿದ್ದು ರಕ್ತ ಹೀರುವುದರಿಂದ, ಹುಳು ಹೋಗದೆ ರಕ್ತ ನಿಲ್ಲದು.

ಸಸ್ಯಾಹಾರಿಗಳಾದ ನಾವು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕಾದ ಸಂಗತಿ ಇನ್ನೊಂದಿದೆ. ಬಿ12 ಜೀವಸತ್ವವನ್ನು ಯಾವ ಗಿಡವೂ ತಯಾರಿಸುವುದಿಲ್ಲ; ಅದನ್ನು ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ನಮಗೆ ಅದರ ಆಸರೆ ಹಾಲು, ಮೊಸರು, ಮಜ್ಜಿಗೆ. ಬೇಕಾದುದು ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಆದರೆ ಹಾಲನ್ನೆಲ್ಲ ಡೇರಿಗೆ ಹಾಕಿ, ಚಹಾಕ್ಕೆ ಎರಡು ಚಮಚ ಉಳಿಸಿಕೊಳ್ಳುವ ಮನೆಯಲ್ಲಿ ಅದೂ ದೊರೆಯದು. ಕೊರತೆಯಾದರೆ ರಕ್ತ ಕಡಿಮೆಯಾಗುವುದಲ್ಲದೆ ನರಗಳು ಸೊರಗುತ್ತವೆ: ಅಂಗಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು, ಮರೆವು, ನಾಲಿಗೆ ಉರಿ. ಫೋಲಿಕ್ ಆಮ್ಲದ ಗುಳಿಗೆಯನ್ನಷ್ಟೇ ನುಂಗುತ್ತಿದ್ದರೆ ರಕ್ತ ಸುಧಾರಿಸಿದಂತೆ ತೋರಿ, ಒಳಗೆ ನರದ ಹಾನಿ ಮುಂದುವರಿಯುವುದುಂಟು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಅನೇಕ ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರಲ್ಲಿ ಈ ಕೊರತೆ ಇನ್ನಷ್ಟು ಹೆಚ್ಚು. ಅಂಥ ಹಿರಿಯರು ಗುಳಿಗೆಯನ್ನು ತಾವಾಗಿ ನಿಲ್ಲಿಸದೆ, ಬಿ12 ಪರೀಕ್ಷೆ ಮಾಡಿಸಿರೆಂದು ವೈದ್ಯರನ್ನು ಕೇಳಬೇಕು. ಕೊರತೆ ಕಂಡರೆ ಗುಳಿಗೆ, ಇಂಜೆಕ್ಷನ್ ಎರಡೂ ಇವೆ.

ಶ್ರೀಮಠದ ಪ್ರಸಾದ ಮಂದಿರದ ಬಾಗಿಲಲ್ಲಿಯೇ ಚಹಾದ ಕೊಳಗ ಇಟ್ಟಿರುವುದು ನಮ್ಮದೇ ವ್ಯವಸ್ಥೆ. ಉಂಡು ಕೈತೊಳೆದವರೆಲ್ಲ ಅಲ್ಲಿಂದಲೇ ಹಾಯ್ದು ಹೋಗಬೇಕು. ಆ ಕೊಳಗವನ್ನು ಸಂಜೆ ನಾಲ್ಕು ಗಂಟೆಗೆ ಸರಿಸಬೇಕೆಂದೂ, ಪಂಕ್ತಿಯಲ್ಲಿ ಉಪ್ಪಿನ ಪಕ್ಕಕ್ಕೆ ನಿಂಬೆಯ ಹೋಳು ಬಡಿಸಬೇಕೆಂದೂ, ಬಡಿಸುವ ತಾಯಂದಿರಿಗೆ ಎರಡನೆಯ ಪಂಕ್ತಿಯಲ್ಲಿಯೇ ಸ್ಥಳ ಕಾದಿಟ್ಟು, ಆ ಹೊತ್ತು ಗಂಡಸರು ಬಡಿಸಬೇಕೆಂದೂ ದಾಸೋಹ ಸಮಿತಿಯವರಲ್ಲಿ ನಾವು ವಿನಂತಿಸುತ್ತೇವೆ. ನಿಂಬೆಗೆ ತಗಲುವ ಖರ್ಚನ್ನು ಲೆಕ್ಕ ಹಾಕಿದ್ದೇವೆ. ಉಳಿಯುವ ಸಕ್ಕರೆ ಮತ್ತು ಚಹಾಪುಡಿಯಲ್ಲಿ ಅದು ಸರಿದೂಗುತ್ತದೆ.