ಹೇನು ಸತ್ತವು, ಸೀರು ಉಳಿದವು!

ದೇವಣಗಾಂವ: ಭೀಮಾ ದಂಡೆಯ ಈ ಊರಾಗಲಿ, ಸಿಂದಗಿ ಪ್ಯಾಟಿಯಾಗಲಿ, ಸಾಲಿಗೆ ಹೋಗುವ ಹುಡುಗಿಯ ತಲೆಯಲ್ಲಿ ಹೇನು ಕಂಡವೆಂದರೆ ಬೈಗುಳ ತಾಯಿಗೇ. “ತಲಿ ತೊಳಿಯೂದಿಲ್ಲೇನ?” ಎಂಬ ಮಾತು ಸಿದ್ಧ. ಆದರೆ ಹೇನಿಗೆ ಹೊಲಸು ತಲೆ, ಸ್ವಚ್ಛ ತಲೆ ಎಂಬ ಭೇದವಿಲ್ಲ. ಅದು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದರೆ ದಾಟುತ್ತದೆ. ಒಂದೇ ಹಾಸಿಗೆಯ ಅಕ್ಕ-ತಂಗಿಯರಿಗೆ ಇಷ್ಟು ಸಾಕು.

ಬರೀ ತುರಿಕೆ ಗುರುತಲ್ಲ. ಕಿವಿಯ ಹಿಂದೆ, ಹೆಡಕಿನ ಮೇಲೆ, ಹಸಿಗೂದಲಲ್ಲಿ ಸಣ್ಣ ಹಲ್ಲಿನ ಹಣಿಗೆ ಎಳೆದು ನೋಡಬೇಕು. ಹೊಟ್ಟು ಊದಿದರೆ ಹಾರೀತು, ಸೀರು ಕೂದಲು ಬಿಡದು. ಜೀವಂತ ಹೇನು ಸಿಕ್ಕರೆ ಮಾತ್ರ ಔಷಧ.

ಗಂಡಾಂತರ ಇರುವುದು ಇಲ್ಲೇ. ಹತ್ತಿ, ತೊಗರಿಗೆ ಹೊಡೆಯುವ ‘ಎಣ್ಣಿ’ಯನ್ನು ತಲೆಗೆ ಸವರುವವರಿದ್ದಾರೆ. ಅದು ಚರ್ಮದ ಮೂಲಕ ಮೈಗಿಳಿಯುವ ವಿಷ. ಕೂಸಿನ ಜೀವಕ್ಕೇ ಎರವಾದೀತು. ಚಿಮಣಿ ಎಣ್ಣಿ ಹಚ್ಚಿಕೊಂಡು ಒಲೆಯ ಮುಂದೆ ಕೂತರೆ ಬೆಂಕಿಯ ಭಯ ಬೇರೆ.

ಔಷಧದಂಗಡಿಯಲ್ಲಿ ಶೇ. 1ರ ಪರ್ಮೆಥ್ರಿನ್ ಸಿಗುತ್ತದೆ. ತೊಳೆದು ಒರೆಸಿದ ತಲೆಗೆ ಹಚ್ಚಿ, 10 ನಿಮಿಷ ಬಿಟ್ಟು ತೊಳೆದರೆ ಹೇನು ಸಾಯುತ್ತವೆ. ಸೀರು ಮಾತ್ರ ಉಳಿಯುತ್ತವೆ. ಅವು ಒಡೆಯಲು 7ರಿಂದ 10 ದಿನ ಬೇಕು. 9ನೇ ದಿನ ಮತ್ತೊಮ್ಮೆ ಹಚ್ಚದವರೇ “ಔಷಧಿ ಡುಪ್ಲಿಕೇಟ ಐತಿ” ಎಂದು ಅಂಗಡಿಯವನ ಮೇಲೆ ಹರಿಹಾಯುವುದು. ಪಾಪ, ಅವನದೇನು ತಪ್ಪು? ಎರಡು ತಿಂಗಳೊಳಗಿನ ಕೂಸಿಗೆ ಈ ಔಷಧ ಬೇಡ.

ಮನೆಯವರೆಲ್ಲರ ತಲೆಯನ್ನು ಅದೇ ದಿನ ನೋಡಬೇಕು. ದುಡ್ಡಿಲ್ಲದಿದ್ದರೆ ಹಸಿಗೂದಲಿಗೆ ಹಣಿಗೆ, 3-4 ದಿನಕ್ಕೊಮ್ಮೆ, ಕನಿಷ್ಠ ಎರಡು ವಾರ. ತಲೆ ಬೋಳಿಸುವುದು, ಸಾಲಿ ಬಿಡಿಸುವುದು ಬೇಕಿಲ್ಲ. ಹೇನಿಗಾಗಿ ಮಗುವನ್ನು ತರಗತಿಯಿಂದ ಹೊರಗಿಡಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2022ರಲ್ಲಿ ಹೇಳಿದೆ.