ರಾಜಿ ಪತ್ರದಲ್ಲಿ ಮಗುವಿಗೆ ಒಂದೇ ಸಾಲು

ಗಂಡ ಹೆಂಡತಿ ಬೇರೆಯಾಗುವಾಗ ಬರೆದುಕೊಳ್ಳುವ ರಾಜಿ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ. ಮದುವೆಯಲ್ಲಿ ಕೊಟ್ಟ ಒಡವೆಗಳ ಪಟ್ಟಿ ಗ್ರಾಂ ಲೆಕ್ಕದಲ್ಲಿ ಇರುತ್ತದೆ. ಫ್ಲ್ಯಾಟಿನ ಸಾಲ ಯಾರು ತೀರಿಸಬೇಕು, ಜೀವನಾಂಶದ ಡಿಡಿ ಯಾವ ತಾರೀಖಿಗೆ ಕೈಸೇರಬೇಕು, ಯಾರು ಯಾವ ಕೇಸು ವಾಪಸ್ ಪಡೆಯಬೇಕು, ಎಲ್ಲದಕ್ಕೂ ಒಂದೊಂದು ಪ್ಯಾರಾ. ಮಗುವಿನ ವಿಚಾರ ಬಂದಾಗ ಮಾತ್ರ ಒಂದೇ ಸಾಲು: ಮಗು ತಾಯಿಯ ಸುಪರ್ದಿಯಲ್ಲಿರತಕ್ಕದ್ದು, ತಂದೆಗೆ ತಿಂಗಳಲ್ಲಿ ಎರಡು ಶನಿವಾರ ಭೇಟಿಯ ಹಕ್ಕು ಇರತಕ್ಕದ್ದು. ಮುಂದಿನ ಹತ್ತು ವರ್ಷಗಳ ಜಗಳ ಈ ಸಾಲಿನಲ್ಲೇ ಅಡಗಿದೆ. ಅದು ಕೋರ್ಟಿನ ಮೆಟ್ಟಿಲೇರುವ ಮುನ್ನ ಹೇಳಬೇಕಾದ್ದನ್ನು ಹೇಳಬೇಕು.

ಇಂಥ ರಾಜಿ ಮಾಡಿಸುವ ಮಧ್ಯಸ್ಥಿಕೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಹೈಕೋರ್ಟ್ 2007ರಲ್ಲೇ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವನ್ನು ಆರಂಭಿಸಿತು. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಫ್ಯಾಮಿಲಿ ಕೋರ್ಟಿನ ವಾಯಿದೆಗೆ ಬಂದು, ಒಬ್ಬರ ಮುಖ ಒಬ್ಬರು ನೋಡದೆ ಬೆಂಚಿನ ಎರಡು ತುದಿಯಲ್ಲಿ ಕೂತ ದಂಪತಿಗಳು ಮೀಡಿಯೇಟರ್ ಎದುರು ವರ್ಷಗಳ ನಂತರ ಬಾಯಿಬಿಟ್ಟಿದ್ದುಂಟು. ಅಲ್ಲಿ ಆಡಿದ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ ಎಂಬ ಭರವಸೆಯೇ ಅದಕ್ಕೆ ಕಾರಣ. ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ ಎಂದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಹೇಳಿದೆ. ವೈವಾಹಿಕ ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಬಂತು. ಇನ್ನು ಮುಂದೆ ಹೆಚ್ಚು ಹೆಚ್ಚು ಸಂಸಾರಗಳು ಈ ಮೇಜಿನ ಮುಂದೆಯೇ ಬಂದು ಕೂರುತ್ತವೆ. ಅದು ಆಗಬೇಕಾದದ್ದೇ. ಆದರೆ ಕೂತವರು ಎದ್ದು ಹೋಗುವ ಅವಸರ ನಮ್ಮನ್ನು ಕಾಡಬೇಕು.

ಅವಸರ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳು ಕಾಯಲೇಬೇಕಿತ್ತು. ಸೂಕ್ತ ಪ್ರಕರಣಗಳಲ್ಲಿ ಆ ಅವಧಿಯನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸತ್ತುಹೋದ ಸಂಬಂಧವನ್ನು ಎಳೆದಾಡುವವರಿಗೆ ಅದು ಬಿಡುಗಡೆಯ ತೀರ್ಪು, ಅದರ ಬಗ್ಗೆ ತಕರಾರಿಲ್ಲ. ಮನ್ನಾಕ್ಕೆ ಇಟ್ಟ ಷರತ್ತುಗಳಲ್ಲಿ ಒಂದು, ಜೀವನಾಂಶ ಮತ್ತು ಮಗುವಿನ ಸುಪರ್ದಿ ನಿಜವಾಗಿಯೂ ಇತ್ಯರ್ಥವಾಗಿರಬೇಕು ಎಂಬುದು. ಆ ‘ನಿಜವಾಗಿಯೂ’ ಅನ್ನುವುದೇ ಈಗ ಸವೆಯುತ್ತಿದೆ. ಷರತ್ತು ಪೂರೈಸಲು ಒಂದು ಸಾಲು ಬೇಕು, ಅದನ್ನು ಟೈಪ್ ಮಾಡಿಸುತ್ತಾರೆ, ಇಬ್ಬರೂ ಸಹಿ ಹಾಕುತ್ತಾರೆ.

ಆಮೇಲೆ ಶನಿವಾರ ಬರುತ್ತದೆ. ಅಪಾರ್ಟ್‌ಮೆಂಟಿನ ಗೇಟಿನ ಬಳಿ ಅಪ್ಪ ಕಾರು ನಿಲ್ಲಿಸಿಕೊಂಡು ಕಾಯುತ್ತಾನೆ. ಮೇಲೆ ಹೋಗುವಂತಿಲ್ಲ, ಸೆಕ್ಯುರಿಟಿಯವನು ಇಂಟರ್‌ಕಾಮ್‌ನಲ್ಲಿ ಕೇಳುತ್ತಾನೆ. ಮಗು ಬ್ಯಾಗ್ ಹಾಕಿಕೊಂಡು ಇಳಿದು ಬರುತ್ತದೆ. ಬ್ಯಾಗಿನಲ್ಲಿ ಸೋಮವಾರದ ಹೋಂವರ್ಕ್ ಇದೆಯೇ, ಜ್ವರದ ಔಷಧಿ ಇದೆಯೇ ಎಂದು ಕೇಳಬೇಕಾದ ಇಬ್ಬರು ಫೋನಿನಲ್ಲಿ ಪರಸ್ಪರ ಬ್ಲಾಕ್ ಆಗಿದ್ದಾರೆ. ಸಂಜೆ ವಾಪಸ್ ಬಂದ ಮಗು ಅಮ್ಮನ ಮುಖ ನೋಡಿ, ‘ಅಲ್ಲಿ ಬೋರ್ ಆಯ್ತು’ ಅನ್ನುತ್ತದೆ. ಮುಂದಿನ ಸಲ ಅಪ್ಪನ ಹತ್ತಿರ, ‘ನಂಗೆ ಬರೋಕೆ ಆಸೆ, ಅಮ್ಮ ಬಿಡಲ್ಲ’ ಅನ್ನುತ್ತದೆ. ಎರಡೂ ಮನೆಯ ಪ್ರೀತಿ ಉಳಿಸಿಕೊಳ್ಳಲು ಏಳು ವರ್ಷದ ಜೀವ ಕಂಡುಕೊಂಡ ದಾರಿ ಅದು. ಅಪ್ಪ ಅಮ್ಮ ಇಬ್ಬರೂ ಅದನ್ನು ಸಾಕ್ಷ್ಯವೆಂದು ತಿಳಿದು ವಕೀಲರ ಬಳಿ ಓಡುತ್ತಾರೆ.

ಮುನ್ನೆಚ್ಚರಿಕೆ ಬೇಕು ಅನ್ನುವುದು ಇದಕ್ಕೇ. ಮಗು ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಹೊರಲು ಶುರುಮಾಡಿದರೆ, ಭೇಟಿಯ ಹಿಂದಿನ ರಾತ್ರಿ ಹೊಟ್ಟೆನೋವು ಅಂದರೆ, ಶಾಲೆಯ ದಾಖಲೆಯಿಂದ ಒಬ್ಬರ ಫೋನ್ ನಂಬರ್ ಮಾಯವಾಗಿದ್ದರೆ, ರಾಜಿ ಪತ್ರ ಸೋತಿದೆ ಎಂದು ಆಗಲೇ ತಿಳಿಯಬೇಕು. ಇದು ಮೊದಲು ಕಾಣುವುದು ಕ್ಲಾಸ್ ಟೀಚರಿಗೆ, ಅಜ್ಜಿಗೆ. ನ್ಯಾಯಾಧೀಶರಿಗೆ ಗೊತ್ತಾಗುವ ಹೊತ್ತಿಗೆ ಅದು ಅಮಲ್ಜಾರಿ ಅರ್ಜಿಯೋ ನ್ಯಾಯಾಂಗ ನಿಂದನೆಯ ಕೇಸೋ ಆಗಿರುತ್ತದೆ.

ವಿವರವಾಗಿ ಬರೆಯುವುದು ಅಸಾಧ್ಯವೇನಲ್ಲ. 2013ರ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಒಂದು ಪ್ರಕರಣದಲ್ಲಿ ಜಂಟಿ ಸುಪರ್ದಿ ಕೊಟ್ಟಿತು. ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ. ಓದಿನ ಖರ್ಚು ಇಬ್ಬರದೂ ಸಮಪಾಲು. ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರ ಇನ್ನೊಬ್ಬರ ಭೇಟಿ, ಜೊತೆಗೆ ಫೋನ್ ಮತ್ತು ವಿಡಿಯೊ ಮಾತುಕತೆ. ಆರಾರು ತಿಂಗಳ ಹಂಚಿಕೆ ಎಲ್ಲ ಮಕ್ಕಳಿಗೂ ಹೊಂದುತ್ತದೆಂದು ನನಗೆ ಅನ್ನಿಸುವುದಿಲ್ಲ. ಶಾಲೆ ದೂರವಾದರೆ, ಮಗು ತೀರಾ ಚಿಕ್ಕದಾದರೆ ಅದು ಕಷ್ಟವೇ. ಕಲಿಯಬೇಕಾದ್ದು ಆ ಆದೇಶದ ವಿವರವನ್ನು. ಕಾನೂನು ಆಯೋಗ 2015ರ ಮೇ ತಿಂಗಳ ತನ್ನ 257ನೇ ವರದಿಯಲ್ಲಿ ಜಂಟಿ ಸುಪರ್ದಿಗೆ ಶಾಸನದ ಬುನಾದಿ ಹಾಕಿಕೊಡಿ ಎಂದು ಶಿಫಾರಸು ಮಾಡಿ, ಆ ತೀರ್ಪನ್ನೂ ಉಲ್ಲೇಖಿಸಿತು. ಆದರೆ ತಂದೆ ಸ್ವಾಭಾವಿಕ ಪೋಷಕ, ಅವನ ನಂತರ ತಾಯಿ ಎನ್ನುವ 1956ರ ಹಿಂದೂ ಪೋಷಕತ್ವ ಕಾಯ್ದೆಯ ಪಠ್ಯ ಇವತ್ತಿಗೂ ಪುಸ್ತಕದಲ್ಲಿ ಹಾಗೇ ಇದೆ. 1999ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೇರೆ ಅರ್ಥ ಕೊಟ್ಟಿದ್ದರಿಂದ ತಾಯಂದಿರು ಉಸಿರಾಡಿದರು, ಅಷ್ಟೇ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಏಟು ತಿಂದವಳನ್ನು, ಬೆದರಿಕೆಗೆ ನಡುಗುವವಳನ್ನು ಆ ಗಂಡಸಿನ ಎದುರು ಕೂರಿಸಿ ‘ಹೊಂದಿಕೊಂಡು ಹೋಗಮ್ಮ’ ಅನ್ನುವುದು ಮಧ್ಯಸ್ಥಿಕೆ ಅಲ್ಲವೇ ಅಲ್ಲ. ಊರ ಹಿರಿಯರ ಪಂಚಾಯಿತಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಆ ಮಾತಿಗೆ ಬಲಿಯಾಗಿದ್ದಾರೆ. ಮೊದಲು ಇಬ್ಬರನ್ನೂ ಬೇರೆ ಬೇರೆ ಕರೆದು ಮಾತಾಡಿಸಿ, ಭಯ ಇದೆಯೇ ಎಂದು ವಿಚಾರಿಸಿ, ಇದ್ದರೆ ಫೈಲನ್ನು ನ್ಯಾಯಾಧೀಶರಿಗೇ ವಾಪಸ್ ಕಳಿಸುವ ಧೈರ್ಯ ಮೀಡಿಯೇಟರಿಗೆ ಇರಬೇಕು. ಅವರಿಗೆ ಸಿಗುವ 40 ಗಂಟೆಗಳ ಮೂಲ ತರಬೇತಿ ಆಸ್ತಿ ವ್ಯಾಜ್ಯಕ್ಕೂ ಚೆಕ್ ಬೌನ್ಸಿಗೂ ಸೇರಿದ್ದು. ಮಕ್ಕಳ ಮನಸ್ಸನ್ನು ಬಲ್ಲ ಒಬ್ಬ ಆಪ್ತಸಮಾಲೋಚಕಿ ಜೊತೆಗಿರಬೇಕು, ಜಿಲ್ಲಾ ಕೇಂದ್ರಗಳಲ್ಲೂ ಇರಬೇಕು. ಮಗು ಅಪ್ಪನನ್ನು ಕೋರ್ಟ್ ಆವರಣದಲ್ಲಿ ಭೇಟಿಯಾಗಬೇಕಾದ ಸ್ಥಿತಿಯೂ ಹೋಗಬೇಕು. ಗ್ರಂಥಾಲಯ, ಬಾಲಭವನದಂಥ ಜಾಗಗಳಲ್ಲಿ ಅದಕ್ಕೊಂದು ಕೋಣೆ ಮಾಡಿಕೊಡಲು ಸರ್ಕಾರಕ್ಕೆ ದೊಡ್ಡ ಖರ್ಚಿಲ್ಲ.

ವಿದೇಶದಲ್ಲಿರುವ ಕನ್ನಡ ಕುಟುಂಬಗಳ ಪಾಡು ಇನ್ನೂ ಸೂಕ್ಷ್ಮ. ಮಕ್ಕಳನ್ನು ಗಡಿ ದಾಟಿಸಿ ಕರೆದೊಯ್ಯುವುದಕ್ಕೆ ಸಂಬಂಧಿಸಿದ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ರಜೆಗೆಂದು ಮೈಸೂರಿಗೆ ಬಂದ ಮಗುವನ್ನು ಇಲ್ಲೇ ಉಳಿಸಿಕೊಂಡರೆ ಎರಡು ದೇಶಗಳ ಕೋರ್ಟುಗಳ ನಡುವೆ ಅದರ ಬಾಲ್ಯ ಕಳೆದುಹೋಗಬಹುದು. ಪಾಸ್‌ಪೋರ್ಟ್ ಯಾರ ಬಳಿ, ಪ್ರಯಾಣಕ್ಕೆ ಯಾರ ಒಪ್ಪಿಗೆ, ವಾಪಸ್ ಟಿಕೆಟ್ ಯಾವಾಗ ಎಂಬುದು ಬರವಣಿಗೆಯಲ್ಲೇ ಇರಬೇಕು.

ರಾಜಿಗೆ ಕೂರುವವರು ಮಗುವಿನ ಪುಟವನ್ನು ಕೊನೆಯ ಸಿಟ್ಟಿಂಗಿಗೆ ತಳ್ಳದಿರಲಿ. ದುಡ್ಡಿನ ಮಾತು ಮೊದಲಾದರೆ ಮಗು ಚೌಕಾಸಿಯ ವಸ್ತುವಾಗಿಬಿಡುತ್ತದೆ. ರಜೆ ಹೇಗೆ ಹಂಚಿಕೆ, ದಸರೆ ಯಾವ ಮನೆಯಲ್ಲಿ, ಜ್ವರ ಬಂದರೆ ಯಾರಿಗೆ ಫೋನು, ಶಾಲೆ ಬದಲಿಸಲು ಯಾರ ಸಹಿ ಬೇಕು, ಅಜ್ಜ ಅಜ್ಜಿಯರನ್ನು ನೋಡುವುದು ಯಾವಾಗ, ಎಲ್ಲವನ್ನೂ ಮೊದಲೇ ಬರೆಯಿರಿ. ಜೀವನಾಂಶ ತಡವಾಯಿತೆಂದು ಭೇಟಿ ನಿಲ್ಲಿಸುವಂತಿಲ್ಲ, ಭೇಟಿ ತಪ್ಪಿತೆಂದು ಹಣ ತಡೆಯುವಂತಿಲ್ಲ ಎಂದೂ ಬರೆಯಿರಿ. ಸುಪರ್ದಿಯ ಆದೇಶವನ್ನು ಪರಿಸ್ಥಿತಿಗೆ ತಕ್ಕಂತೆ ಬದಲಿಸಲು ಕಾನೂನೇ ಅವಕಾಶ ಕೊಟ್ಟಿದೆ. ಹಾಗಾಗಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅದೇ ಮೀಡಿಯೇಟರ್ ಮುಂದೆ ಒಮ್ಮೆ ಕೂತು ಪರಿಶೀಲಿಸುತ್ತೇವೆ ಎಂಬ ಷರತ್ತೂ ಇರಲಿ. ಅದಕ್ಕೆ ಒಪ್ಪಿದ ಮೇಲೆ ಒಡವೆಯ ಪಟ್ಟಿ ತೆಗೆಯಿರಿ.